ಹಸಿರು ಡಬ್ಬಿ, ನೀಲಿ ಡಬ್ಬಿ

ನನ್ನ ಮಾವ ಆರ್ವಲ್ ಹಾಗನ್‌ನ ಅಡುಗೆಮನೆಯ ಕಿಟಕಿಯಲ್ಲಿ ಹೂವಿನ ಕುಂಡಗಳಿಲ್ಲ, ಗುಂಡುಗಳಿವೆ. ಅವನು ಹೊಡೆದ ಎಲ್ಕ್ ಜಿಂಕೆಗಳ ಮೈಯಿಂದ ಹೆಕ್ಕಿ ತೆಗೆದ ಗುಂಡುಗಳು, ವರ್ಷಕ್ಕೊಂದರಂತೆ ಸಾಲಾಗಿ ಕೂತಿವೆ. ಅತ್ತೆ ಬದುಕಿದ್ದಾಗ ಅಲ್ಲಿ ಒಂದು ಪುದೀನದ ಕುಂಡವಾದರೂ ಇತ್ತಂತೆ. ಅವಳು ಹೋದ ಮೇಲೆ ಅದೂ ಒಣಗಿತು, ಗುಂಡುಗಳು ಆ ಜಾಗವನ್ನೂ ಹಿಡಿದವು. ನಮ್ಮ ಟ್ರೇಲರ್ ಮನೆಯಲ್ಲಿ ಪಾತ್ರೆ ತೊಳೆಯಲು ನಿಂತರೆ ಅಂಗಳದಾಚೆ ಆ ಕಿಟಕಿ ನೇರವಾಗಿ ಕಾಣುತ್ತದೆ. ಬೇಡವೆಂದರೂ ನೋಡಲೇಬೇಕು. ಪರದೆ ಎಳೆದರೆ ನನ್ನ ಸಿಂಕಿಗೆ ಬೆಳಕಿಲ್ಲ.

ಮದುವೆಯಾಗಿ ಬಂದ ಹೊಸತರಲ್ಲಿ ಆರ್ವಲ್ ನಮಗೆ, ಒಂದೆರಡು ಚಳಿಗಾಲ ಟ್ರೇಲರಿನಲ್ಲಿ ಸುಧಾರಿಸಿಕೊಳ್ಳಿ, ಆಮೇಲೆ ದೊಡ್ಡ ಮನೆಗೆ ಬರುವಿರಂತೆ ಎಂದಿದ್ದ. ಚಳಿಗಾಲಗಳು ಬಂದವು, ಹೋದವು. ಟ್ರೇಲರಿನ ನೆಲ ಕೊಳೆತು ಹೊಸ ಹಲಗೆ ಹಾಕಿಸಿದೆವು. ಆ ಹಲಗೆಯೂ ಈಗ ಮೆತ್ತಗಾಗುತ್ತಿದೆ. ನಾವು ಇನ್ನೂ ಸುಧಾರಿಸಿಕೊಳ್ಳುತ್ತಲೇ ಇದ್ದೇವೆ.

ನಮ್ಮದು ಬೇಟೆ ಶಿಬಿರದ ಕಸುಬು. ಸೆಪ್ಟೆಂಬರ್ ಬಂತೆಂದರೆ ಊರೂರಿನ ಗಿರಾಕಿಗಳನ್ನು ಹೇಸರಗತ್ತೆಗಳ ಜೊತೆ ಬೆಟ್ಟ ಹತ್ತಿಸಬೇಕು, ಗುಡಾರದಲ್ಲಿ ಇಳಿಸಬೇಕು, ಹೊಟ್ಟೆಗೆ ಹಾಕಬೇಕು, ಎಲ್ಕ್ ತೋರಿಸಬೇಕು. ಮೊಂಟಾನಾದ ನಮ್ಮ ಕಣಿವೆಯಲ್ಲಿ ಹಾಗನ್ ಶಿಬಿರ ಎಂದರೆ ದೊಡ್ಡ ಹೆಸರು. ಆ ಹೆಸರಿಗೆ ಮೈ ಮುರಿಯುತ್ತಿರುವವನು ಮಾತ್ರ ನನ್ನ ಗಂಡ ಲೈಲ್. ಗುಡಾರ ಹೊಡೆಯುವವನು ಅವನು, ಹೇಸರಗತ್ತೆಗೆ ಹೇರುವವನು ಅವನು, ಹಿಮದಲ್ಲಿ ದಾರಿ ತಪ್ಪಿದ ಗಿರಾಕಿಯನ್ನು ಹುಡುಕಿ ತರುವವನೂ ಅವನೇ. ಆದರೆ ಒಂದು ಮಾರು ಹಗ್ಗ ಕೊಳ್ಳಬೇಕಾದರೂ ಅಪ್ಪನನ್ನು ಕೇಳಬೇಕು. ಮೀಸೆ ನರೆತ ಗಂಡಸು ಅಪ್ಪನ ಅಡುಗೆಮನೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಲ್ಲುವುದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಒಮ್ಮೆ ತಡೆಯಲಾರದೆ ನಾನೇ ಕೇಳಿಬಿಟ್ಟೆ.

“ಆರ್ವಲ್, ಶಿಬಿರ ಲೈಲ್‌ಗೆ ಯಾವಾಗ ಬಿಟ್ಟುಕೊಡ್ತೀರಿ?”

“ವರ್ಷಾ ವರ್ಷಾ ನನ್ನ ಎಲ್ಕ್ ನಾನೇ ಹೊಡೀತಿರೋವರೆಗೂ ಈ ಶಿಬಿರ ನಂದು, ಕೊರಿನ್,” ಎಂದ ಅವನು, ಕಾಫಿ ಲೋಟದಿಂದ ಮುಖ ಎತ್ತದೆ. “ಯಾವ ವರ್ಷ ನನ್ನ ಗುರಿ ತಪ್ಪುತ್ತೋ, ಅವತ್ತೇ ಬೀಗದ ಕೈ, ಹೇಸರಗತ್ತೆ, ಈ ಮನೆ ಎಲ್ಲಾ ಅವನಿಗೆ. ನಾನು ನಿಮ್ಮ ಟ್ರೇಲರಿಗೆ ಹೋಗ್ತೀನಿ. ಒಂದು ದಿನ ಮುಂಚೇನೂ ಇಲ್ಲ, ಒಂದು ದಿನ ಆಮೇಲೂ ಇಲ್ಲ.”

“ಬರೆದು ಕೊಡ್ತೀರಾ?”

“ಹಾಗನ್ ಬಾಯಲ್ಲಿ ಬಂದ್ಮೇಲೆ ಬರೆದ ಹಾಗೇ.”

ಮುದುಕನ ಮೇಲೆ ನನಗೆ ನೂರೆಂಟು ದೂರುಗಳಿವೆ. ಆದರೆ ಆಡಿದ ಮಾತಿಗೆ ತಪ್ಪುವವನಲ್ಲ. ಅವನು ಒಂದೇ ಒಂದು ವರ್ಷ ಗುರಿ ತಪ್ಪಿದರೆ ಸಾಕು, ನಮಗೆ ಬಿಡುಗಡೆ. ಅಷ್ಟು ಸುಲಭ, ಅಷ್ಟು ಹತ್ತಿರ.

ಬೇಟೆಗಾರರು ನಾಲ್ಕು ಜನ ಸೇರಿದರೆ ಮಾತು ಕೋವಿಗೆ ತುಂಬುವ ತೋಟೆಗೆ ಬಂದೇ ಬರುತ್ತದೆ. ಯಾವ ಕಾರ್ಖಾನೆಯದು, ಗುಂಡು ಎಷ್ಟು ಗ್ರೇನ್ ತೂಕ, ಒಳಗೆ ಹೋಗಿ ಹೇಗೆ ಅರಳಿತು, ಎಷ್ಟು ಉಳಿಯಿತು, ಎಷ್ಟು ಚೂರಾಯಿತು. ಗಂಡಸರು ಹೆಂಡತಿಯ ಬಗ್ಗೆ ಇಷ್ಟು ಗಮನ ಕೊಟ್ಟಿದ್ದರೆ ನಮ್ಮ ಕಣಿವೆಯಲ್ಲಿ ವಿಚ್ಛೇದನವೇ ಇರುತ್ತಿರಲಿಲ್ಲ. ಆರ್ವಲ್‌ಗೆ ಈ ವಿಷಯದಲ್ಲಿ ಒಂದೇ ದೇವರು: ಹಸಿರು ಡಬ್ಬಿಯ ತೋಟೆ. ನೂರೆಂಬತ್ತು ಗ್ರೇನಿನ ಗುಂಡು, ಮೂತಿಯಲ್ಲಿ ಮೆತ್ತನೆಯ ಸೀಸ. ಎಲ್ಕ್‌ನ ಮೈಹೊಕ್ಕರೆ ಮೂತಿ ಅಣಬೆಯಂತೆ ಅರಳಿ ಒಳಗೇ ಉಳಿಯುತ್ತದೆ. ಬಂದ ಗಿರಾಕಿಗಳನ್ನೆಲ್ಲ ಆ ಕಿಟಕಿಯ ಮುಂದೆ ನಿಲ್ಲಿಸಿ ಒಂದೊಂದನ್ನೇ ಕೈಗೆ ಕೊಟ್ಟು ಪಾಠ ಹೇಳುತ್ತಾನೆ.

ಒಂದು ವರ್ಷ ಸಿಯಾಟಲ್‌ನಿಂದ ಬಂದ ದಂತವೈದ್ಯನೊಬ್ಬ ನೀಲಿ ಡಬ್ಬಿಯ ತೋಟೆ ತೋರಿಸಿದ. ಅದರ ಗುಂಡು ಪೂರ್ತಿ ತಾಮ್ರದ್ದು, ತುದಿ ಚೂಪು, ಗುಂಡು ಕೂರುವ ಕೋಶ ಮಾತ್ರ ಬೆಳ್ಳಿ ಬಣ್ಣದ್ದು.

“ಏನಯ್ಯಾ ಇದು, ಪೆನ್ನಾ?” ಎಂದ ಆರ್ವಲ್.

“ಸೀಸಾನೇ ಇಲ್ಲ ಸರ್ ಇದರಲ್ಲಿ. ಒಳಗೆ ಹೋಗಿ ನಾಲ್ಕು ದಳ ಬಿಚ್ಚುತ್ತೆ, ಚೂರಾಗಲ್ಲ. ಮಾಂಸಕ್ಕೆ ಸೀಸ ಸೇರಲ್ಲ.”

“ಹುಟ್ಟಿದಾಗಿಂದ ಸೀಸ ತಿಂತಿದೀನಿ. ನೋಡು, ಹಲ್ಲು ಹೇಗಿದೆ!”

ದಂತವೈದ್ಯ ನೋಡಿದ. ಪಾಪ, ಮರ್ಯಾದಸ್ಥ, ಏನೂ ಹೇಳಲಿಲ್ಲ.

“ಇದು ಕ್ಯಾಲಿಫೋರ್ನಿಯಾದವರ ಗುಂಡು ಕಣಯ್ಯಾ,” ಎಂದು ಆರ್ವಲ್ ಮುಂದುವರಿಸಿದ. “ಎಲ್ಕ್ ಒಳಗೆ ಹೋಗಿ, ‘ತೊಂದರೆ ಕೊಟ್ಟೆ, ಕ್ಷಮಿಸಿ’ ಅಂತ ಹೇಳಿ ಆ ಕಡೆಯಿಂದ ಹೊರಟುಹೋಗುತ್ತೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಮುದುಕನಿಗೆ ಮಾತು ಬರುತ್ತದೆ, ಅದನ್ನು ಇಲ್ಲವೆನ್ನಲಾರೆ.

ಆಮೇಲೆ ಅವನ ಕಣ್ಣು ಹೋಗತೊಡಗಿತು. ಪೂರ್ತಿ ಅಲ್ಲ. ನೋಟದ ನಡುವೆ ಒಂದು ಮಸುಕು ಕೂತಿತು, ಅಂಚುಗಳು ಮಾತ್ರ ಉಳಿದವು. ನಡೆಯುತ್ತಾನೆ, ಹೇಸರಗತ್ತೆ ಹತ್ತುತ್ತಾನೆ, ಆದರೆ ನೇರವಾಗಿ ನೋಡಿದ್ದು ಕಾಣುವುದಿಲ್ಲ. ನಮ್ಮ ಮುಖ ನೋಡಬೇಕೆಂದರೆ ಪಕ್ಕದ ಗೋಡೆ ನೋಡಬೇಕು. ಈ ಮಾತನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಅವನದಲ್ಲ. ಕೋವಿಯ ದುರ್ಬೀನಿಗೆ ಮಂಜು ಹಿಡಿಯುತ್ತದೆ ಎಂದ. ಬೆರಳು ಮರಗಟ್ಟುತ್ತದೆ, ಲೈಲ್, ನನ್ನ ಕೋವಿ ನೀನೇ ತುಂಬು ಎಂದ. ಬೆಟ್ಟ ಹತ್ತುವುದು ಬಿಟ್ಟು, ಋತುವಿನ ಕೊನೆಯ ವಾರ ಎಲ್ಕ್‌ಗಳು ನಮ್ಮ ಹುಲ್ಲುಗಾವಲಿಗೆ ಇಳಿದಾಗ ಅಲ್ಲೇ ಬೇಲಿಗೂಟಕ್ಕೆ ಕೋವಿಯನ್ನಾನಿಸಿ ಹೊಡೆಯುವುದಕ್ಕೆ ಶುರುಮಾಡಿದ.

ನಾನು ಒಳಗೊಳಗೇ ಟ್ರೇಲರಿನ ಸಾಮಾನು ಕಟ್ಟತೊಡಗಿದ್ದೆ. ಈ ವರ್ಷ ತಪ್ಪುತ್ತಾನೆ ಎಂದುಕೊಂಡೆ. ಬಿತ್ತು ಎಲ್ಕ್! ಮುಂದಿನ ವರ್ಷವೂ ಬಿತ್ತು. ಇದೆಂಥ ಪವಾಡ ಎಂದು ನಾನು ತಲೆಕೆಡಿಸಿಕೊಂಡಾಗ ಲೈಲ್ ನಿಜ ಹೇಳಿದ.

“ಮೊದಲನೇ ಸಲ ಅಪ್ಪ ಹೊಡೆದಾಗ ಎಲ್ಲೋ ದೂರ ಹಿಮ ಹಾರಿತು. ಎಲ್ಕ್ ನಿಂತೇ ಇತ್ತು. ಅಪ್ಪ ನನ್ನ ಕಡೆ ತಿರುಗಿ ‘ಬಿತ್ತಾ?’ ಅಂದ. ಅವನು ಹಂಗೆ ಕೇಳಿದ್ದು ನಾನು ಹುಟ್ಟಿದಾಗಿಂದ ನೋಡಿಲ್ಲ. ಅವನ ಕಿವಿ ಇನ್ನೂ ಗುಂಯ್ ಅಂತಿತ್ತು. ನನ್ನ ಕೈ ತಾನೇ ಕೋವಿಗೆ ಹೋಯ್ತು.”

“ಆಮೇಲೆ?”

“ಆಮೇಲೆ ಬಿತ್ತು.”

ಮರುವರ್ಷದಿಂದ ಲೈಲ್‌ಗೆ ಅದೊಂದು ಕಸುಬೇ ಆಯಿತು. ಆರ್ವಲ್‌ಗೆ ಟ್ರಿಗರ್ ಎಳೆಯುವ ಮುಂಚೆ “ಸರಿ” ಎನ್ನುವ ಅಭ್ಯಾಸ. ಆ “ಸರಿ”ಗೆ ಕಾದು, ಹಿಂದೆ ನಿಂತ ಲೈಲ್ ಅದೇ ಕ್ಷಣಕ್ಕೆ ತಾನೂ ಹೊಡೆಯುತ್ತಾನೆ. ಜೀವಮಾನವೆಲ್ಲ ಈಡು ಹೊಡೆದ ಮುದುಕನ ಕಿವಿ ಅರ್ಧ ಹೋಗಿದೆ, ತನ್ನ ಕೋವಿಯ ಸದ್ದಿನಲ್ಲಿ ಇನ್ನೊಂದು ಸದ್ದು ಕೇಳಿಸುವುದಿಲ್ಲ. ಇಬ್ಬರ ಕೋವಿಯೂ ಒಂದೇ ಅಳತೆಯವು. ಸಿಕ್ಕ ಗುಂಡನ್ನು ಆರ್ವಲ್ ಕಿಟಕಿಯಲ್ಲಿ ಇಡುವವನಾದ್ದರಿಂದ ಲೈಲ್ ಹಸಿರು ಡಬ್ಬಿಯನ್ನೇ ಕೊಳ್ಳಬೇಕು. ಕಿಟಕಿಯ ಆ ತುದಿಯ ಗುಂಡುಗಳೆಲ್ಲ ನನ್ನ ಗಂಡನವು. ಪಾತ್ರೆ ತೊಳೆಯುತ್ತಾ ನಾನು ದಿನಾ ನೋಡುವುದು ಅವನ್ನೇ.

“ಒಂದು ವರ್ಷ ಕೈ ಕಟ್ಕೊಂಡು ನಿಂತ್ಕೋ, ಸಾಕು,” ಎಂದು ನಾನು ಕೂಗಾಡಿದೆ.

“ಆಗಲ್ಲ ಕೊರಿನ್.”

“ಯಾಕಾಗಲ್ಲ? ಕೈಯಲ್ಲಿ ಏನು ದೆವ್ವ ಹೊಕ್ಕಿದೆಯಾ?”

“ನೀನು ಆ ‘ಬಿತ್ತಾ’ ಕೇಳಿಲ್ಲ.”

ನಮಗೆ ಇದ್ದದ್ದು ಒಂದೇ ಬಾಗಿಲು. ಆ ಬಾಗಿಲನ್ನು ಒಳಗಿನಿಂದ ಒತ್ತಿ ಹಿಡಿದವನು ನನ್ನ ಪಕ್ಕದಲ್ಲೇ ಮಲಗುತ್ತಿದ್ದ. ಹೊರಗೆ ಯಾರಿಗೂ ಬಾಯಿಬಿಡುವ ಹಾಗೂ ಇಲ್ಲ. ಒಬ್ಬರ ಬೇಟೆ ಪರವಾನಗಿಗೆ ಇನ್ನೊಬ್ಬರು ಹೊಡೆಯುವುದು ನಮ್ಮಲ್ಲಿ ಅಪರಾಧ. ಅರಣ್ಯದವರ ಕಿವಿಗೆ ಬಿದ್ದರೆ ಶಿಬಿರದ ಪರವಾನಗಿಯೇ ರದ್ದು, ಆಗ ಅಪ್ಪನಿಗೂ ಇಲ್ಲ, ಮಗನಿಗೂ ಇಲ್ಲ. ನಾನು ಆರ್ವಲ್‌ಗೆ ನೇರವಾಗಿ ಹೇಳಬಹುದಿತ್ತು. ಲೈಲ್ ಅಲ್ಲ ಎನ್ನುತ್ತಿದ್ದ, ಸೊಸೆ ಮನೆಯ ಆಸೆಗೆ ಸುಳ್ಳು ಹೇಳುತ್ತಾಳೆ ಎಂದು ಮುದುಕ ಅನ್ನುತ್ತಿದ್ದ. ಹಾಗೆ ಅವರಿಬ್ಬರೂ ಒಂದು ಕಡೆ, ನಾನೊಬ್ಬಳು ಒಂದು ಕಡೆ ಆಗುತ್ತಿದ್ದೆವು.

ಕಳೆದ ಶರತ್ಕಾಲದಲ್ಲಿ ತೋಟೆಗಳಿಗೆ ಬರ ಬಂತು. ಅಂಗಡಿಗಳಲ್ಲಿ ಕಪಾಟುಗಳು ಖಾಲಿ. ಜನ ಸಿಕ್ಕಿದ್ದನ್ನು ಬಾಚಿಕೊಂಡು ಹೋಗುತ್ತಿದ್ದರು. ಲೈಲ್ ಬೆಟ್ಟದಲ್ಲಿದ್ದ. ಹಸಿರು ಡಬ್ಬಿ ಎಲ್ಲಾದರೂ ಕಂಡರೆ ತಂದಿಡು ಎಂದು ನನಗೆ ಹೇಳಿ ಹೋಗಿದ್ದ. ನಾನು ಊರಿನ ಕಬ್ಬಿಣದ ಅಂಗಡಿಗೆ ಹೋದೆ. ಅಂಗಡಿಯ ಡೀನ್ ನನ್ನನ್ನು ಕಂಡವನೇ ಕೌಂಟರಿನ ಕೆಳಗೆ ಕೈ ಹಾಕಿ ಒಂದು ಹಸಿರು ಡಬ್ಬಿ ತೆಗೆದ.

“ಲೈಲ್‌ಗೆ ಅಂತ ಬಚ್ಚಿಟ್ಟಿದ್ದೆ. ಕೊನೇದು. ಯಾರಿಗೂ ಹೇಳ್ಬೇಡ.”

ಡಬ್ಬಿ ನನ್ನ ಕೈಯಲ್ಲಿತ್ತು. ಅಷ್ಟರಲ್ಲಿ ಕಪಾಟಿನ ಮೂಲೆಯಲ್ಲಿ ನೀಲಿ ಡಬ್ಬಿಗಳು ಕಂಡವು.

“ಅವು ಯಾಕೆ ಉಳಿದಿವೆ?” ಎಂದು ಕೇಳಿದೆ.

“ತಾಮ್ರ. ನಮ್ಮ ಮುದುಕರು ಮುಟ್ಟಲ್ಲ. ನಿಮ್ಮ ಮಾವ ಊರಿಗೆಲ್ಲಾ ಹೇಳಿಟ್ಟಿದಾರಲ್ಲ, ಕ್ಯಾಲಿಫೋರ್ನಿಯಾದವರ ಗುಂಡು ಅಂತ.”

“ಹಸಿರು ನೀನೇ ಇಟ್ಕೋ, ಡೀನ್. ನೀಲಿ ಕೊಡು.”

“ಏನಮ್ಮಾ, ಮನೇಲಿ ಜಗಳ ಹಚ್ಚೋ ಯೋಚನೆ ಇದೆಯಾ?”

“ಇದೆ,” ಎಂದೆ. ಅವನು ನಕ್ಕ. ಜನ ನಿಜ ಹೇಳಿದಾಗಲೇ ಹೆಚ್ಚು ನಗುತ್ತಾರೆ.

ಹಸಿರು ಸಿಗಲಿಲ್ಲ ಎಂದು ಲೈಲ್‌ಗೆ ಹೇಳಿದೆ. ಅಪ್ಪನ ಡ್ರಾಯರಿನಲ್ಲಿ ಹಳೆಯದೊಂದು ಡಬ್ಬಿ ಇತ್ತು. ಅದರಿಂದ ಎರಡು ಕೇಳಿದ್ದಕ್ಕೆ “ನನ್ನ ತೋಟೆಗೆ ಕಣ್ಣು ಹಾಕ್ಬೇಡ, ನಿಂಗೆ ಬೇಕಾದ್ದು ನೀನು ಹುಡುಕ್ಕೋ” ಎಂದು ಆರ್ವಲ್ ಬೈದು ಕಳಿಸಿದನಂತೆ. ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿಯಾಯಿತು.

ತೋಟೆ ಬದಲಾದರೆ ಕೋವಿಯನ್ನು ಮತ್ತೆ ಗುರಿಗೆ ಹೊಂದಿಸಲೇಬೇಕು. ಅದೇ ಕೋವಿ, ಅದೇ ಕೈ ಇದ್ದರೂ ಬೇರೆ ಗುಂಡು ಬೇರೆ ಕಡೆ ಹೋಗುತ್ತದೆ. ಚರ್ಚಿನವರು ಆರ್ವಲ್‌ನನ್ನು ಭಾನುವಾರದ ಊಟಕ್ಕೆ ಕರೆದುಕೊಂಡು ಹೋದ ಹೊತ್ತಿಗೆ ನಾವಿಬ್ಬರೂ ಜಲ್ಲಿ ಹಳ್ಳಕ್ಕೆ ಹೋದೆವು. ಕಾಗದಕ್ಕೆ ಹೊಡೆದ ತಾಮ್ರದ ಗುಂಡುಗಳು ಒಂದು ಅಂಗೈಯಗಲ ಮೇಲೆ ಬಿದ್ದವು, ಆದರೆ ಮೂರಕ್ಕೆ ಮೂರೂ ಒಂದಕ್ಕೊಂದು ಅಂಟಿಕೊಂಡು ಬಿದ್ದವು. ಲೈಲ್ ದುರ್ಬೀನಿನ ತಿರುಪು ತಿರುಗಿಸಿದ. ಆಮೇಲೆ ಹಾಲಿನ ಖಾಲಿ ಪ್ಲಾಸ್ಟಿಕ್ ಕ್ಯಾನುಗಳಿಗೆ ನೀರು ತುಂಬಿ ಒಂದರ ಹಿಂದೆ ಒಂದು ಸಾಲಾಗಿ ಇಟ್ಟೆವು. ಒಂದೇ ತೋಟೆ ನಂಬಿ ಎಲ್ಕ್ ಮುಂದೆ ನಿಲ್ಲಲಾಗದೆಂದು, ಹೋದ ವರ್ಷ ಉಳಿದಿದ್ದ ಒಂದೇ ಒಂದು ಹಸಿರು ತೋಟೆಯನ್ನು ಮೊದಲು ಹೊಡೆದ. ಮೊದಲ ಕ್ಯಾನು ಸಿಡಿದು ನೀರು ಮರದೆತ್ತರ ಹಾರಿತು. ಗುಂಡು ಮೂರನೆಯದರಲ್ಲಿ ಸಿಕ್ಕಿತು, ಮೂತಿ ಪೂರ್ತಿ ಮುದ್ದೆಯಾಗಿತ್ತು, ಸೀಸದ ಪುಡಿ ಕ್ಯಾನುಗಳ ತಳದಲ್ಲೆಲ್ಲ ಬಿದ್ದಿತ್ತು. ಆಮೇಲೆ ತಾಮ್ರದ್ದು. ಅದು ಇದ್ದಬದ್ದ ಕ್ಯಾನುಗಳನ್ನೆಲ್ಲ ತೂರಿಕೊಂಡು ಹೋಗಿ ಜಲ್ಲಿಯ ದಿಬ್ಬದಲ್ಲಿ ಮಾಯವಾಯಿತು. ಕೈಯಿಂದ ಜಲ್ಲಿ ಕೆದಕಿ ಅದನ್ನು ಹುಡುಕಿ ತೆಗೆದಾಗ ನಾಲ್ಕು ದಳ ಹೊರಗೆ ಮಡಚಿಕೊಂಡು, ಇನ್ನೂ ಬಿಸಿಯಾಗಿತ್ತು.

“ಅಯ್ಯಪ್ಪಾ,” ಎಂದ ಲೈಲ್, ಅಂಗೈಯಲ್ಲಿ ತೂಗಿ. “ಒಂದು ಚೂರೂ ಕಳ್ಕೊಂಡಿಲ್ಲ ನೋಡು. ಅಪ್ಪ ಇಷ್ಟು ವರ್ಷ ಸುಮ್ನೆ ಬೈದ.”

“ಹಾಗಾದ್ರೆ ಎಲ್ಕ್ ಒಳಗೆ ಉಳಿಯಲ್ಲ.”

“ಉಳಿಯಲ್ಲ ಅನ್ಸುತ್ತೆ. ಆ ಕಡೆಯಿಂದ ಹೊರಟುಹೋಗುತ್ತೆ. ಗುಂಡೇ ಸಿಕ್ಕಲಿಲ್ಲ ಅಂದ್ರೆ ಅಪ್ಪನಿಗೆ ಏನು ಗೊತ್ತಾಗುತ್ತೆ?”

ನಾನು ಒಡೆದ ಕ್ಯಾನುಗಳನ್ನು ಹೆಕ್ಕತೊಡಗಿದೆ. ಸೀಸದ ಗುಂಡು ಹೋದ ದಾರಿಯಲ್ಲಿ ಪುಡಿ ಉಳಿಯುತ್ತದೆ. ಆರ್ವಲ್ ಕಣ್ಣಿಗಿಂತ ಬೆರಳಿನಿಂದ ಹೆಚ್ಚು ನೋಡುವವನು. ಗಾಯದೊಳಗೆ ಕೈ ಹಾಕಿ ಸೀಸ ಸಿಗದಿದ್ದರೆ ಅವನೇ ಕೇಳುತ್ತಾನೆ. ಕೇಳಲಿ ಎಂದೇ ನಾನು ಕಾದೆ. ನನಗೆ ಪಾಪಪ್ರಜ್ಞೆ ಏನೂ ಇರಲಿಲ್ಲ. ಬಾವಿಗೆ ಬಿದ್ದವರು ಹಗ್ಗ ಯಾರದ್ದು ಎಂದು ವಿಚಾರಿಸುವುದಿಲ್ಲ.

ನವೆಂಬರ್ ಕೊನೆಯಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮಾರನೆಯ ಬೆಳಿಗ್ಗೆ ಎಲ್ಕ್‌ಗಳು ಹುಲ್ಲುಗಾವಲಿಗೆ ಇಳಿದವು. ಬಿದ್ದ ಮೇಲೆ ಎಳೆದು ತರಲೆಂದು ನಾನು ಟ್ರ್ಯಾಕ್ಟರನ್ನು ಗೇಟಿನ ಹತ್ತಿರ ನಿಲ್ಲಿಸಿ ಇಂಜಿನ್ ಆರಿಸಿ ಕೂತಿದ್ದೆ. ಆರ್ವಲ್ ಬೇಲಿಗೂಟಕ್ಕೆ ಕೋವಿಯಾನಿಸಿ ಮಂಡಿಯೂರಿದ್ದ. ಲೈಲ್ ಅವನ ಹಿಂದೆ ನಿಂತು, “ಸ್ವಲ್ಪ ಎಡಕ್ಕೆ ಅಪ್ಪ, ಇನ್ನೂ ಸ್ವಲ್ಪ, ಹಾಂ ಅಲ್ಲೇ” ಎನ್ನುತ್ತಿದ್ದ. ದೊಡ್ಡ ಕೊಂಬಿನ ಗಂಡೊಂದು ಹಿಂಡಿನಿಂದ ಬೇರೆಯಾಗಿ ನಮ್ಮ ಕಡೆ ಓರೆಯಾಗಿ ತಿರುಗಿ ನಿಂತಿತು. ಆರ್ವಲ್ “ಸರಿ” ಎಂದ. ಒಂದೇ ಸದ್ದು, ಆದರೆ ದಪ್ಪನೆಯ ಸದ್ದು. ಗಂಡು ನಾಲ್ಕು ಹೆಜ್ಜೆ ಇಟ್ಟು ಮುಗ್ಗರಿಸಿ ಹಿಮದಲ್ಲಿ ಉರುಳಿತು.

“ಬಿತ್ತಾ?” ಎಂದ ಮುದುಕ.

ಅಲ್ಲಿಯವರೆಗೆ ಅದನ್ನು ನಾನು ಕೇಳಿರಲಿಲ್ಲ. ಊರನ್ನೆಲ್ಲ ಗದರಿಸುವ ಆ ದನಿ ಎಲ್ಲಿ ಹೋಯಿತೋ. ಸಣ್ಣ ಮಗು ಕತ್ತಲಲ್ಲಿ ಅಮ್ಮ ಇದ್ದಾಳಾ ಎಂದು ಕೇಳಿದ ಹಾಗಿತ್ತು. ನಾನು ಕಿವಿಯ ಮೇಲೆ ಟೋಪಿ ಎಳೆದುಕೊಂಡೆ.

“ಬಿತ್ತು ಅಪ್ಪ. ಅಲ್ಲೇ ಬಿತ್ತು,” ಎಂದ ಲೈಲ್.

ಆರ್ವಲ್ ಕೋವಿಯಿಂದ ಖಾಲಿ ತೋಟೆ ಹಾರಿಸಿ, ಹಿಮದಲ್ಲಿ ತಡಕಾಡಿ ಅದನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡ. ದನ ಮೇಯುವ ಜಾಗದಲ್ಲಿ ತೋಟೆ ಬಿಟ್ಟುಬರುವವರನ್ನು ಕಂಡರೆ ಅವನಿಗೆ ಆಗುವುದಿಲ್ಲ.

ಕೊಟ್ಟಿಗೆಯಲ್ಲಿ ರಾಟೆಗೆ ಹಾಕಿ ಎಲ್ಕನ್ನು ತೂಗುಬಿಟ್ಟೆವು. ಲೈಲ್ ಮುಂಭಾಗ ಸುಲಿಯುತ್ತಿದ್ದ, ನಾನು ಹಿಂದಿನ ತೊಡೆ. ಆರ್ವಲ್ ಎಂದಿನಂತೆ ತೋಳು ಮಡಚಿ ಗಾಯದೊಳಗೆ ಕೈ ಹಾಕಿದ. ಹೆಗಲ ಹತ್ತಿರ ಒಂದೇ ತೂತು.

“ಹೆಗಲ ಮೂಳೆ ಪುಡಿಯಾಗಿದೆ,” ಎಂದ. ಕೈ ಇನ್ನೂ ಒಳಕ್ಕೆ ಹೋಯಿತು. “ಸೀಸ ಎಲ್ಲಿ? ಒಂದು ಚೂರೂ ಸಿಗ್ತಿಲ್ಲ. ಆ ಕಡೆ ತೂತು ಇದೆಯಾ, ಲೈಲ್?”

“ಕಾಣಿಸ್ತಿಲ್ಲ ಅಪ್ಪ. ಇರುತ್ತೆ ಎಲ್ಲೋ.”

ಅದೇ ಹೊತ್ತಿಗೆ ನನ್ನ ಚಾಕುವಿಗೆ ಏನೋ ತಗುಲಿತು. ತೊಡೆಯ ಮೇಲೆ, ಚರ್ಮದ ಕೆಳಗೆ ಒಂದು ಗಟ್ಟಿ ಗಂಟು. ಒತ್ತಿ ನೋಡಿದೆ. ಹೆಗಲಲ್ಲಿ ಹೊಕ್ಕದ್ದು ಇಡೀ ಮೈಯನ್ನು ಉದ್ದಕ್ಕೂ ದಾಟಿ ಕೊನೆಯ ಚರ್ಮಕ್ಕೆ ಬಂದು ನಿಂತಿತ್ತು. ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಲೈಲ್ ಎಲ್ಕ್‌ನ ಆ ಬದಿಯಿಂದ ನನ್ನನ್ನೇ ನೋಡುತ್ತಿದ್ದ, ಬೇಡ ಎಂದು ತಲೆಯಾಡಿಸಿದ.

“ಆರ್ವಲ್,” ಎಂದು ನಾನು ಕರೆದೆ. “ಇಲ್ಲೇನೋ ಗಂಟಿದೆ.”

ಅವನು ಬಂದು ಚರ್ಮವನ್ನು ಬೆರಳಿನಿಂದ ಒತ್ತಿ, ಚಾಕುವಿನ ತುದಿಯಿಂದ ಬಿಡಿಸಿದ. ಗುಂಡು ಅವನ ಅಂಗೈಗೆ ಬಿತ್ತು. ಹೆಬ್ಬೆರಳಿನಿಂದ ಅ‌ದನ್ನು ಸವರಿದ. ಒಂದು ದಳ, ಎರಡು, ಮೂರು, ನಾಲ್ಕು. ರಾಟೆಯ ಸರಪಳಿ ಕಿರುಗುಟ್ಟುತ್ತಿತ್ತು.

“ಇದು ತಾಮ್ರ,” ಎಂದ. “ಇದು ನಂದಲ್ಲ.”

“ನಿಂದೇ ಅಪ್ಪ,” ಎಂದ ಲೈಲ್. ಎಷ್ಟು ಬೇಗ ಹೇಳಿದನೆಂದರೆ ಹಿಂದಿನ ದಿನವೇ ಸಿದ್ಧ ಮಾಡಿಟ್ಟುಕೊಂಡಿದ್ದನೇನೋ. “ನಿನ್ನ ಹಸಿರು ಡಬ್ಬಿ ಹಳೇದಾಗಿತ್ತು, ತೋಟೆ ಕಿಲುಬು ಹಿಡಿದಿತ್ತು. ಬೆಳಿಗ್ಗೆ ನಿನ್ನ ಕೋವಿ ತುಂಬೋವಾಗ ನನ್ನ ನೀಲಿ ಹಾಕಿದೆ.”

“ನನ್ನ ಕೇಳದೆ?”

“ಕೇಳಿದ್ರೆ ಒಪ್ತಿದ್ಯಾ?”

 ಆರ್ವಲ್‌ನ ಕೈ ನಿಧಾನವಾಗಿ ಕೋಟಿನ ಜೇಬಿಗೆ ಹೋಯಿತು. ಬೆಳಿಗ್ಗೆ ಹೆಕ್ಕಿಟ್ಟ ಖಾಲಿ ತೋಟೆಯನ್ನು ತೆಗೆದು ಬಲ್ಬಿನ ಕೆಳಗೆ ಹಿಡಿದ. ಆಗ ನನಗೆ ಹೊಳೆಯಿತು. ನೀಲಿ ಡಬ್ಬಿಯ ತೋಟೆಗಳಿಗೆ ಬೆಳ್ಳಿ ಬಣ್ಣದ ಲೇಪ ಇರುತ್ತದೆ, ಹಸಿರು ಡಬ್ಬಿಯವು ಬರೀ ಹಿತ್ತಾಳೆ. ಅವನ ಬೆರಳುಗಳ ನಡುವೆ ಇದ್ದದ್ದು ಅಪ್ಪಟ ಹಳದಿ ಹಿತ್ತಾಳೆ. ಅವನ ಕೋವಿಯಿಂದ ಹೋದದ್ದು ಸೀಸದ ಗುಂಡು, ಅದು ಹಿಮದಲ್ಲಿ ಎಲ್ಲೋ ಹೂತುಹೋಗಿದೆ. ಅವನು ತೋಟೆಯನ್ನು ಹತ್ತಿರ ತಂದ, ದೂರ ಒಯ್ದ, ತಲೆ ವಾರೆ ಮಾಡಿ ಅಂಚುಗಣ್ಣಿನಿಂದ ನೋಡಿದ. ಆ ಹಳದಿ ಬಲ್ಬಿನ ಬೆಳಕಿನಲ್ಲಿ ಅವನಿಗೆ ಎರಡೂ ಒಂದೇ.

“ಅಪ್ಪ, ಕೊಡು ಇಲ್ಲಿ—”

“ನೀನು ಬಾಯಿ ಮುಚ್ಚು, ಲೈಲ್. ಕೊರಿನ್, ಬಾ ಇಲ್ಲಿ.”

ಹೋದೆ.

“ಈ ಮನೇಗೆ ಬಂದಾಗಿಂದ ನೀನು ನನ್ನ ಒಂದು ದಿನಾನೂ ಹೊಗಳಿದವಳಲ್ಲ. ನಿನ್ನ ಮಾತು ನಂಬ್ತೀನಿ. ಇದು ಯಾವ ಬಣ್ಣ?”

ಹಳದಿ. ಮೂರಕ್ಷರ. ಇಷ್ಟು ವರ್ಷ ನಾನು ಕಾದದ್ದು ಆ ಮೂರಕ್ಷರಕ್ಕೆ. ಅಂದುಬಿಟ್ಟರೆ ಸಂಜೆಯೊಳಗೆ ಬೀಗದ ಕೈ ಮೇಜಿನ ಮೇಲಿರುತ್ತದೆ, ಮುದುಕ ಮಾತಿಗೆ ತಪ್ಪುವವನಲ್ಲ. ದೊಡ್ಡ ಮನೆಯ ಮಲಗುವ ಕೋಣೆಗೆ ಯಾವ ಬಣ್ಣ ಬಳಿಯಬೇಕೆಂಬುದು ಕೂಡ ನನಗೆ ಗೊತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು.

ಆರ್ವಲ್ ನನ್ನ ಪಕ್ಕದ ಗೋಡೆಯನ್ನು ನೋಡುತ್ತಿದ್ದ, ಅಂದರೆ ನನ್ನ ಮುಖವನ್ನೇ ನೋಡುತ್ತಿದ್ದ. ತೋಟೆ ಹಿಡಿದ ಕೈಯಲ್ಲಿ ಎಲ್ಕ್‌ನ ರಕ್ತ ಒಣಗಿತ್ತು. ಮೊಣಕೈಯನ್ನು ಪಕ್ಕೆಗೆ ಬಿಗಿಯಾಗಿ ಒತ್ತಿಕೊಂಡಿದ್ದ. ಬಾಯಿ ಸ್ವಲ್ಪ ತೆರೆದಿತ್ತು. ಅವನು ಕೇಳದಿದ್ದರೂ ಆ “ಬಿತ್ತಾ” ನನಗೆ ಕೇಳಿಸಿತು.

“ಬೆಳ್ಳಿ,” ಎಂದೆ.

ಮುದುಕ ತೋಟೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡ. ನನಗೆ ಅವನ ಮೇಲೆ ಕನಿಕರ ಬಂದಿತ್ತು, ಬರೀ ಕನಿಕರ. ಅದು ಬಂದ ಮರುಗಳಿಗೆ ನನ್ನ ಮೇಲೇ ಎಂಥ ಸಿಟ್ಟು ಬಂತೆಂದರೆ ಕೈಯಲ್ಲಿದ್ದ ಚಾಕುವನ್ನು ಹಲಗೆಗೆ ಚುಚ್ಚಿದೆ. ಲೈಲ್ ಬಿದ್ದ ಹಳ್ಳಕ್ಕೇ ಕಣ್ಣು ಬಿಟ್ಟುಕೊಂಡು ನಾನೂ ಬಿದ್ದಿದ್ದೆ.

“ಹಾಗಾದ್ರೆ ಹೊಡೆದದ್ದು ನಾನೇ,” ಎಂದ ಆರ್ವಲ್. ದನಿ ತನ್ನ ಜಾಗಕ್ಕೆ ಬಂದಿತ್ತು. ಗುಂಡನ್ನು ಎತ್ತಿ ಹಿಡಿದ. “ನೋಡಿಲ್ಲಿ, ಹೆಗಲಿಂದ ತೊಡೆವರೆಗೆ! ಸೀಸ ಅರ್ಧ ದಾರೀಲೇ ಮಲಗ್ತಿತ್ತು. ತೂಕ ನೋಡು, ಹೆಂಗೆ ಹೋಯ್ತೋ ಹಂಗೇ ಇದೆ. ಲೈಲ್, ನಿನ್ನ ಬುದ್ಧಿಗೆ ಒಂದು ಸಲ ಆದ್ರೂ ಒಳ್ಳೇದು ಹೊಳೀತಲ್ಲ. ಇಂಥ ಗುಂಡಿದ್ರೆ ಇನ್ನೂ ಹತ್ತು ವರ್ಷ ಹೊಡೀತೀನಿ ನಾನು.”

ಲೈಲ್ ತಲೆ ಬಗ್ಗಿಸಿ ಸುಲಿಯುವುದನ್ನು ಮುಂದುವರಿಸಿದ. ಆರ್ವಲ್ ಗುಂಡನ್ನು ತೊಳೆದು ತೂಗಲು ಅಡುಗೆಮನೆಗೆ ಹೋದ. ಅವನ ಹೆಜ್ಜೆ ಹಿಮದ ಮೇಲೆ ದೂರವಾದ ಮೇಲೆ ಲೈಲ್ ನನ್ನ ಕಡೆ ತಿರುಗಿದ.

“ಗಂಟಿದೆ ಅಂತ ಕರೆದವಳು ನೀನು.”

“ಹೌದು.”

“ಮತ್ತೆ?”

“ಮತ್ತೇನು? ನೀನು ಅವತ್ತು ಕೇಳಿದ್ದನ್ನ ನಾನು ಇವತ್ತು ಕೇಳಿದೆ.” ನನಗೆ ಅಳು ಬಂತು. “ನನ್ನ ಮಾತಾಡಿಸ್ಬೇಡ. ಕಾಲು ಹಿಡ್ಕೋ, ಈ ಕಡೆ ತಿರುಗಿಸ್ಬೇಕು.”

ಅವನು ಹಿಡಿದುಕೊಂಡ. ಇಬ್ಬರೂ ಸೇರಿ ಸುಲಿದೆವು. ಅಂಗಳದಾಚೆ ಕಿಟಕಿಯಲ್ಲಿ ಆರ್ವಲ್ ಬಗ್ಗಿ ಸಾಲಿನ ಗುಂಡುಗಳನ್ನು ಒಂದೊಂದಾಗಿ ಸರಿಸುತ್ತಿದ್ದ. ಹೊಸದಕ್ಕೆ ಜಾಗ ಮಾಡುತ್ತಿದ್ದ, ಅದರ ಪಕ್ಕದಲ್ಲಿ ಇನ್ನೂ ಒಂದಷ್ಟು ಜಾಗ ಬಿಡುತ್ತಿದ್ದ.

ಸ್ವಲ್ಪ ಹೊತ್ತಿನಲ್ಲಿ ಅವನು ಬಾಗಿಲು ತೆಗೆದು ಮೆಟ್ಟಿಲ ಮೇಲೆ ನಿಂತು ಕೂಗಿದ.

“ಕೊರಿನ್! ಡೀನ್ ಹತ್ರ ಹೋಗಿ ಇದ್ದಬದ್ದ ನೀಲಿ ಡಬ್ಬಿ ಎಲ್ಲಾ ತಗೊಂಡ್ಬಾ. ಮುಂದಿನ ವರ್ಷ ಟ್ರ್ಯಾಕ್ಟರ್ ಬೇರೆ ಯಾರಾದ್ರೂ ತರ್ಲಿ. ನೀನು ಬೇಲಿ ಹತ್ರ ನನ್ನ ಪಕ್ಕದಲ್ಲಿ ಕೂತ್ಕೋಬೇಕು. ನಿನ್ನ ಕಣ್ಣು ಚೆನ್ನಾಗಿದೆ.”

ಅವನು ಕೊಟ್ಟಿಗೆಯ ಛಾವಣಿಯ ಕಡೆ ಮುಖ ಮಾಡಿ ನಿಂತಿದ್ದ. ಹಾಗೆ ನಿಂತರೆ ನಾನು ಅವನಿಗೆ ಸರಿಯಾಗಿ ಕಾಣುತ್ತೇನೆ.

“ಆಯ್ತು ಆರ್ವಲ್,” ಎಂದೆ. “ಕೂತ್ಕೋತೀನಿ.”